ಇದು ಬೇರೆ ನಾರಪ್ಪ

ಹಿಂದೂಪುರದಲ್ಲಿ ಪೇಂಟರ್ ಜಯರಾಮಪ್ಪ ಯಾರೆಂದು ಯಾರೂ ಕೇಳಬೇಕಾಗಿರಲಿಲ್ಲ. ಊರಿನ ಮುಕ್ಕಾಲು ಪಾಲು ಅಂಗಡಿಗಳ ಬೋರ್ಡು ಬರೆದವನು ಅವನೇ. ಮೇಲೆ ತೆಲುಗು, ಕೆಳಗೆ ಕನ್ನಡ, ಬಲಗಡೆಯ ಮೂಲೆಯಲ್ಲಿ ಅವನ ಸ್ವಂತ ಹೆಸರು. ಈ ಮೂರನೆಯದು ಮೊದಮೊದಲು ಕಡಲೆಕಾಳಿನಷ್ಟು ಇತ್ತು. ಬರುಬರುತ್ತಾ ಬೆಳೆದು, ಕೊನೆಗೆ ಬಳೆ ಅಂಗಡಿಯೊಂದರ ಮುಂದೆ ನಿಂತವರು ಅಂಗಡಿ ಜಯರಾಮಪ್ಪನದೇ ಎಂದುಕೊಳ್ಳುವಷ್ಟಾಯಿತು. ಅಂಗಡಿಯವನು ಬಂದು ಕೇಳಿದ್ದಕ್ಕೆ, "ಮಾಡಿದೋನ ಹೆಸರು ಇರ್ಬೇಕಲ್ಲ ಸಾಮಿ, ನಾನೇ ಮಾಡಿದ್ದು ತಾನೆ?" ಎಂದಿದ್ದ.

ಎರಡು ಸಾವಿರದ ಆರನೇ ಇಸವಿಯ ಹೊತ್ತಿಗೆ ಊರಿಗೆ ಫ್ಲೆಕ್ಸ್ ಬಂತು. ಬೆಳಿಗ್ಗೆ ಹೇಳಿದರೆ ಸಂಜೆಗೆ ಬೋರ್ಡು, ಜೊತೆಗೆ ಯಜಮಾನನ ನಗುಮುಖದ ಫೋಟೊ. ಜಯರಾಮಪ್ಪನ ಬ್ರಷ್ಷುಗಳು ಸೀಮೆಎಣ್ಣೆ ಡಬ್ಬಿಯಲ್ಲಿ ನಿಂತಲ್ಲೇ ಗಟ್ಟಿಯಾದವು. ಅವನು ಎದುರುಗಡೆ ಇದ್ದ ಚೆನ್ನಕೇಶವನ ಕಂಪ್ಯೂಟರ್ ಸೆಂಟರಿನಲ್ಲಿ ಕೂರತೊಡಗಿದ. ಮೊದಲು ಪೇಪರ್ ಓದಲು ಕೂತ. ಆಮೇಲೆ ಎರಡು ಬೆರಳಿನಲ್ಲಿ ಟೈಪು ಮಾಡಲು ಕಲಿತು ಮದುವೆ ಪತ್ರಿಕೆಗಳ ಕಾಗುಣಿತ ತಿದ್ದುತ್ತಾ ಕೂತ. ಅಕ್ಷರ ಬಲ್ಲವನನ್ನು ಎಬ್ಬಿಸಿ ಕಳಿಸುವ ಮನಸ್ಸು ಚೆನ್ನಕೇಶವನಿಗೂ ಆಗಲಿಲ್ಲ.

ಆ ಸಲ ಸಂಕ್ರಾಂತಿಗೆ ಮುಂಚೆ ಚೆನ್ನಕೇಶವನಿಗೆ ಒಂದು ಕೆಲಸ ಬಂತು. ಕಲ್ಯಾಣದುರ್ಗದಲ್ಲಿ ಒಂದು ಸೇವಾ ಸಂಘದವರು ಕಣ್ಣಿನ ಶಿಬಿರ ನಡೆಸುವವರಿದ್ದರು. ಪೊರೆ ಬಂದ ಮುದುಕರು ಮುದುಕಿಯರ ಹೆಸರು ಬರೆದುಕೊಂಡು, ಚೀಟಿ ಕೊಟ್ಟು, ಆಪರೇಷನ್ನಿಗೆ ಬಸ್ಸಿನಲ್ಲಿ ಕರೆದೊಯ್ಯುವವರ ಪಟ್ಟಿ ತೆಗೆದುಕೊಡುವ ಒಂದು ಪ್ರೋಗ್ರಾಮು ಬೇಕಾಗಿತ್ತು. ಲೆಕ್ಕಾಚಾರದ ಭಾಗವನ್ನು ಚೆನ್ನಕೇಶವ ತಾನು ಇಟ್ಟುಕೊಂಡು, ಪರದೆಯ ಮೇಲೆ ಕಾಣುವ ಭಾಗವನ್ನು ಜಯರಾಮಪ್ಪನಿಗೆ ಒಪ್ಪಿಸಿದ.

"ನೋಡಣ್ಣ, ಇದು ಎಕ್ಸ್‌ಎಮ್‌ಎಲ್ ಫೈಲು," ಎಂದ. "ಪರದೆ ಮ್ಯಾಗೆ ಏನೇನು ಕಾಣ್ತದೋ, ಬರೆಯೋ ಚೌಕ, ಒತ್ತೋ ಗುಂಡಿ, ಅದಕ್ಕೆಲ್ಲ ಇಲ್ಲೊಂದೊಂದು ಸಾಲು. ಪ್ರತಿಯೊಂದಕ್ಕೂ ಎರಡು ಹೆಸರು. ಲೇಬಲ್ಲು ಅಂದ್ರೆ ಜನಕ್ಕೆ ಕಾಣೋದು. ಅದನ್ನ ತೆಲುಗು, ಕನ್ನಡ ಎರಡರಾಗೂ ಚೆನ್ನಾಗಿ ಬರಿ. ಐಡಿ ಅಂದ್ರೆ ಒಳಗಿನ ಹೆಸರು. ಅದು ಜನಕ್ಕೆ ಕಾಣಲ್ಲ. ನನ್ನ ಪ್ರೋಗ್ರಾಮು ಆ ಹೆಸರು ಹಿಡ್ದು ಕೂಗ್ತದೆ, ಆ ಚೌಕ ಓಗೊಡ್ತದೆ, ಒಳಗೇನು ಬರ್ದವ್ರೆ ಅಂತ ಹೇಳ್ತದೆ. ಇಂಗ್ಲಿಷ್ ಅಕ್ಷರದಾಗೆ ನಿಂಗಿಷ್ಟ ಬಂದ ಹೆಸರಿಟ್ಟು ನಂಗೊಂದು ಪಟ್ಟಿ ಕೊಡು. ಒಂದಕ್ಕಿಟ್ಟ ಹೆಸರು ಇನ್ನೊಂದಕ್ಕೆ ಇಡ್ಬೇಡ. ಅಷ್ಟೇ."

ಚೆನ್ನಕೇಶವನ ಈ ಮಾತಿನಲ್ಲಿ ಒಂದೇ ತಪ್ಪಿತ್ತು. ಹೆಸರಿಡುವುದೆಂದರೆ ಏನು ಎಂದು ತಿಳಿದ ಮನುಷ್ಯನಿಗೆ ಅವನು 'ಇಷ್ಟ ಬಂದ ಹೆಸರು' ಎಂದುಬಿಟ್ಟಿದ್ದ.

ಜಯರಾಮಪ್ಪ ಮನೆಗೆ ಹೋಗಿ, ಕೈಕಾಲು ತೊಳೆದು, ಒಂದು ಬಿಳಿಹಾಳೆ ಹಿಡಿದು ನಡುಮನೆಯಲ್ಲಿ ಕೂತ. ಹೆಂಡತಿ ವರಲಕ್ಷ್ಮಿ ಅವರೆಕಾಯಿ ಸುಲಿಯುತ್ತಿದ್ದಳು. ಮಗಳು ಸುಷ್ಮಾಳಿಗೆ ರೊದ್ದಂ ಕಡೆಯ ಹುಡುಗ ಗೊತ್ತಾಗಿ, ಫಾಲ್ಗುಣದಲ್ಲಿ ಮದುವೆ ಎಂದು ನಿಶ್ಚಯವಾಗಿತ್ತು. ಹಾಗಾಗಿ ಬಿಳಿಹಾಳೆ ಕಂಡ ವರಲಕ್ಷ್ಮಿ ಮದುವೆಗೆ ಕರೆಯುವವರ ಪಟ್ಟಿ ಎಂದೇ ತಿಳಿದಳು. ಮೊದಲ ಸಾಲು ಓದಿದಾಗ ಆ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು.

"ಮೇಲ್ಗಡೆ ಫಸ್ಟು ನಮ್ಮಪ್ಪ, ನಾರಪ್ಪ," ಎಂದು ಬರೆದುಕೊಂಡ ಜಯರಾಮಪ್ಪ.

"ಮಾವ ತೀರ್ಕಂಡು ಏಳು ವರ್ಸ ಆಯ್ತು. ಅವ್ರನ್ನ ಎಲ್ಲಿಂದ ಕರೀತೀರಿ?"

"ಮದುವೆಗಲ್ಲ ಕಣೇ, ಕಂಪ್ಯೂಟರಿಗೆ. ರೋಗೀನ ಕರ್ಕೊಂಡು ಬಂದೋರ ಹೆಸರು ಬರೆಯೋ ಚೌಕ ಇದು. ನಮ್ಮಪ್ಪನೂ ಅಂಗೇ, ಯಾರನ್ನ ಕಂಡ್ರೂ ಕೈ ಹಿಡ್ಕಂಡು ಆಸ್ಪತ್ರೆಗೆ ಕರ್ಕೊಂಡೋಗ್ತಿದ್ದ. ಒಪ್ತದೆ."

ಹೀಗೆ ಪರದೆಯ ಮೇಲಿನಿಂದ ಕೆಳಕ್ಕೆ, ಮನೆತನದ ಹಿರಿಯರಿಂದ ಕಿರಿಯರಿಗೆ, ಹೆಸರುಗಳು ಇಳಿದು ಬಂದವು. ಊರಿನ ಹೆಸರು ಬರೆಯುವ ಚೌಕಕ್ಕೆ ದಾಸಣ್ಣ, ಏಕೆಂದರೆ ದಾಸಣ್ಣ ದೊಡ್ಡಪ್ಪ ಚಿಲಮತ್ತೂರು ಬಿಟ್ಟು ಎಲ್ಲಿಗೂ ಹೋದವನಲ್ಲ. ಗಂಡು ಹೆಣ್ಣು ಎಂದು ಗುರುತು ಹಾಕುವ ಕಡೆಗೆ ಸೋದರತ್ತೆ ಭ್ರಮರಾಂಬ. 'ಅಳಿಸು' ಎನ್ನುವ ಗುಂಡಿಗೆ, ಜಮೀನು ಪಾಲಾದಾಗಿನಿಂದ ಮಾತು ಬಿಟ್ಟ ಚಿಕ್ಕಪ್ಪನ ಹೆಸರು. ಎರಡನೆಯ ಹಾಳೆಯ ಅರ್ಧಕ್ಕೆ ಬರುವ ಹೊತ್ತಿಗೆ ರೋಗಿಯ ಹೆಸರು ಬರೆಯುವ ಚೌಕ ಬಂತು. ಮನೆತನದ ಹಿರಿಯರು ಮುಗಿದಿದ್ದರು.

"ಇದಕ್ಕೆ ನಮ್ಮಮ್ಮನ ಹೆಸರಿಡಿ," ಎಂದಳು ವರಲಕ್ಷ್ಮಿ. "ಅಲ್ಲಿಗೆ ಹೋಗಿ ಕಣ್ಣು ಮಾಡಿಸ್ಕೊಳ್ಳೋಳು ಅವ್ಳೇ ತಾನೆ. ಅವ್ಳ ಚೌಕ ಅವ್ಳಿಗಿರ್ಲಿ."

ವರಲಕ್ಷ್ಮಿಯ ತಾಯಿ ಉಡುಸಲಮ್ಮ ಕಲ್ಯಾಣದುರ್ಗದಲ್ಲಿ ಮಗ ಭೀಮೇಶನ ಜೊತೆ ಇದ್ದಳು. ಎರಡು ವರ್ಷದಿಂದ ಅವಳ ಎರಡು ಕಣ್ಣಿಗೂ ಪೊರೆ. ಮೊಮ್ಮಗಳು ಎದುರಿಗೆ ಬಂದು ನಿಂತರೆ ಒಂದು ಬಿಳಿಯ ಹೊಗೆ ಬಂದು ನಿಂತಂತೆ ಕಾಣುತ್ತದೆ ಎನ್ನುತ್ತಿದ್ದಳು. ಸುಷ್ಮಾ ಹಸೆಮಣೆಯ ಮೇಲೆ ಕೂತಾಗ ಅವಳ ಮುಖ ಕಾಣಬೇಕು, ಅದೊಂದು ಆದರೆ ಸಾಕು ಎನ್ನುವುದು ಅವಳ ಆಸೆ. ಈ ಶಿಬಿರದಲ್ಲಿ ಆಪರೇಷನ್ ಆದರೆ ಕನ್ನಡಕ ಬರಲು ಒಂದು ತಿಂಗಳು, ಮದುವೆಗೆ ಸರಿಯಾಗಿ ಹೊಂದುತ್ತಿತ್ತು. ಇದು ತಪ್ಪಿದರೆ ಇನ್ನೊಂದು ಶಿಬಿರ ಮುಂದಿನ ಸಂಕ್ರಾಂತಿಗೆ.

ಜಯರಾಮಪ್ಪ ಪೆನ್ನು ಕೆಳಗಿಟ್ಟ. "ನಿಂಗೆ ಬುದ್ಧಿ ಐತಾ? ಅಳಿಯ ಆದೋನು ಅತ್ತೆ ಹೆಸರು ಬಾಯಲ್ಲಿ ತತ್ತಾನಾ? ಮದುವೆ ಆಗಿ ಇಪ್ಪತ್ತೆರಡು ವರ್ಸ ಆಯ್ತು, ಒಂದಿನ ನಿಮ್ಮಮ್ಮನ ಹೆಸರು ಹಿಡಿದು ಕೂಗಿದೀನಾ? ಇಲ್ಲಿ ಇಟ್ಟೆ ಅಂದ್ರೆ ಆ ಮಿಷನ್ನು ದಿನಕ್ಕೆ ನೂರು ಸತಿ 'ಉಡುಸಲಮ್ಮ, ಉಡುಸಲಮ್ಮ' ಅಂತ ಆಳು ಕೂಗ್ದಂಗೆ ಕೂಗ್ತದೆ. ಮರ್ಯಾದೆನಾ ಅದು?"

ವರಲಕ್ಷ್ಮಿಗೆ ಈ ಮಾತಿನಿಂದ ಸಂತೋಷವೇ ಆಯಿತು. ಗಂಡನಿಗೆ ತವರಿನ ಮೇಲೆ ಇಷ್ಟು ಗೌರವವಿದೆ ಎಂದು ಅವಳಿಗೆ ಗೊತ್ತಿರಲಿಲ್ಲ.

"ಮತ್ತೆ ಏನು ಇಡ್ತೀರಿ?"

"ನಾರಪ್ಪ."

"ಆಗ್ಲೇ ಮಾವನ ಹೆಸರು ಇಟ್ರಲ್ಲ."

"ಅದು ಅಪ್ಪ. ಇದು ಅಣ್ಣನ ಮಗ. ಇದು ಬೇರೆ ನಾರಪ್ಪ."

ಇದರಲ್ಲಿ ಅವನ ತಪ್ಪೇನೂ ಇಲ್ಲ ಎಂದು ಆ ಸೀಮೆಯ ಯಾರೇ ಆದರೂ ಹೇಳುತ್ತಾರೆ. ತಾತನ ಹೆಸರು ಮೊಮ್ಮಗನಿಗೆ ಇಡದ ಮನೆ ಅಲ್ಲಿ ಯಾವುದಿದೆ? ಜಯರಾಮಪ್ಪನ ಹಟ್ಟಿಯಲ್ಲಿ ಇಬ್ಬರು ನಾರಪ್ಪಂದಿರು ಹದಿನೈದು ವರ್ಷ ಒಂದೇ ಸೂರಿನ ಕೆಳಗೆ ಬಾಳಿದರು. ಬಾಗಿಲಲ್ಲಿ ನಿಂತು "ನಾರಪ್ಪಾ" ಎಂದು ಕೂಗಿದರೆ ಬೇಕಾದವನೇ ಹೊರಗೆ ಬರುತ್ತಿದ್ದ. ಊಟಕ್ಕೆ ಕರೆದ ದನಿಯಾದರೆ ತಾತ, ಬೈಯಲು ಕರೆದ ದನಿಯಾದರೆ ಮೊಮ್ಮಗ. ಒಂದು ದಿನವೂ ಅದಲುಬದಲಾಗಿರಲಿಲ್ಲ. ಕಂಪ್ಯೂಟರಿಗೆ ದನಿಯಲ್ಲಿ ಏರಿಳಿತವಿಲ್ಲ ಎನ್ನುವುದನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ಚೆನ್ನಕೇಶವನೂ ಅವಸರದಲ್ಲಿದ್ದ. ಎರಡು ಹಾಳೆಯನ್ನು ಎರಡು ನಿಮಿಷದಲ್ಲಿ ನೋಡಿ, ಇದ್ದದ್ದು ಇದ್ದ ಹಾಗೆ ಪ್ರೋಗ್ರಾಮಿಗೆ ಸೇರಿಸಿದ. ಸರಿಯಾಗಿದೆಯೋ ಎಂದು ಪರೀಕ್ಷೆಯನ್ನೂ ಮಾಡಿದ. ಕರೆತಂದವರು: ಚೆನ್ನಕೇಶವ. ರೋಗಿ: ಚೆನ್ನಕೇಶವ. ಎರಡೂ ಅಚ್ಚುಕಟ್ಟಾಗಿ ಮೂಡಿಬಂದವು. ಪರೀಕ್ಷೆ ಮಾಡುವವನು ತನ್ನ ಹೆಸರಿನ ಜೊತೆಗೆ ಇನ್ನೊಬ್ಬರ ಹೆಸರನ್ನು ನೆನೆಸಿಕೊಂಡಿದ್ದರೆ ಈ ಕಥೆ ಇಲ್ಲಿಗೇ ನಿಲ್ಲುತ್ತಿತ್ತು.

ಶಿಬಿರದ ಹಿಂದಿನ ದಿನ ಜಯರಾಮಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಲ್ಯಾಣದುರ್ಗದ ಬಸ್ಸು ಹತ್ತಿದ. ಪೆನುಕೊಂಡ ದಾಟುವ ಹೊತ್ತಿಗೆ ಪಕ್ಕದಲ್ಲಿ ಕೂತವನಿಗೆ, ತಾನು ಈಗ ಬೋರ್ಡು ಬರೆಯುವುದನ್ನು ಬಿಟ್ಟು ಸಾಫ್ಟ್‌ವೇರ್ ಬರೆಯುತ್ತಿರುವುದಾಗಿ ತಿಳಿಸಿ ಆಗಿತ್ತು. ಬಸ್ಸಿಳಿಯುವ ಹೊತ್ತಿಗೆ ಚೆನ್ನಕೇಶವ ಎನ್ನುವ ಮನುಷ್ಯ ಆ ಕಥೆಯಲ್ಲಿ ಇರಲೇ ಇಲ್ಲ.

ಅತ್ತೆಮನೆಯಲ್ಲಿ ಭೀಮೇಶನ ಹೆಂಡತಿ ರಮಾದೇವಿ ಕಾಲಿಗೆ ನೀರು ಕೊಟ್ಟಳು. ಸುದ್ದಿ ಅಕ್ಕಪಕ್ಕಕ್ಕೆ ಹಬ್ಬಿತು. ಪಕ್ಕದ ಮನೆಯ ಮುನೆಮ್ಮ ತನ್ನ ಟೀವಿಯಲ್ಲಿ ಎಲ್ಲರ ಮುಖ ಹಸಿರಾಗಿ ಕಾಣುವುದೇಕೆ ಎಂದು ಕೇಳಿಕೊಂಡು ಬಂದಳು. ಅದು ತನ್ನ ಕೆಲಸವಲ್ಲ ಎಂದು ಹೇಳುವುದು ಜಯರಾಮಪ್ಪನಿಗೆ ಸಣ್ಣತನ ಎನಿಸಿತು. ಹೋಗಿ, ಹಿಂದೆ ಮುಂದೆ ತಟ್ಟಿ, "ಇದು ಹಳೇ ಮಾಡಲ್ಲು" ಎಂದು ತೀರ್ಪು ಕೊಟ್ಟು ಬಂದ. ಮುಖಗಳು ಹಸಿರಾಗಿಯೇ ಉಳಿದವು. ಮುನೆಮ್ಮನಿಗೆ ಮಾತ್ರ ಸಮಾಧಾನವಾಯಿತು.

"ನಾಳೆ ಅಮ್ಮನ ಜತೆ ನಾನೇ ಹೋಯ್ತೀನಿ ಭಾವ," ಎಂದ ಭೀಮೇಶ. "ನೀವು ಇಲ್ಲೇ ಇರಿ."

"ಬ್ಯಾಡ ಕಣಪ್ಪ. ನಾನೇ ಮಾಡಿದ ಸಾಫ್ಟ್‌ವೇರು. ನಾನಿದ್ರೆ ಅಲ್ಲಿ ಕೆಲಸ ಸಲೀಸಾಗಿ ಆಯ್ತದೆ."

ಉಡುಸಲಮ್ಮ ಗೋಡೆಗೆ ಒರಗಿ ಕೂತಿದ್ದಳು. ಅಳಿಯನ ದನಿ ಬಂದ ದಿಕ್ಕಿಗೆ ತಿರುಗಿ, "ನಿಮ್ಮ ಮಿಷನ್ನಿನಾಗೆ ನನ್ನ ಹೆಸರು ಇರ್ತದಾ ಅಳಿಯಂದ್ರೇ?" ಎಂದು ಕೇಳಿದಳು.

"ಇರ್ದೆ ಏನು ಅತ್ತೆ. ನಾಳೆ ಮೈಕಿನಾಗೇ ಕೂಗ್ತಾರೆ ನೋಡಿ."

"ಅದೇ ಭಯ ಕಣಪ್ಪ. ನನ್ನ ಹೆಸರು ಯಾರೂ ಕೂಗಿ ಅಭ್ಯಾಸಿಲ್ಲ. ನಿಮ್ಮ ಮಾವ 'ಏಯ್' ಅಂತಿದ್ರು, ಮಕ್ಕಳು ಅಮ್ಮ ಅಂತಾವೆ. ಕೂಗಿದ್ರೂ ನಂಗೇ ಅಂತ ತಿಳೀತದೋ ಇಲ್ವೋ."

ಎಲ್ಲರೂ ನಕ್ಕರು. ಜಯರಾಮಪ್ಪ ಎಲ್ಲರಿಗಿಂತ ಹೆಚ್ಚು ನಕ್ಕ.

ಶಿಬಿರ ಬಸ್ ನಿಲ್ದಾಣದ ಹಿಂದಿನ ಕಲ್ಯಾಣಮಂಟಪದಲ್ಲಿ ನಡೆಯಿತು. ಬೆಳಿಗ್ಗೆ ಎಂಟಕ್ಕೇ ಜೀಪುಗಳು, ಆಟೋಗಳು ಮುದುಕರನ್ನು ತಂದು ಇಳಿಸುತ್ತಿದ್ದವು. ಕಂಪ್ಯೂಟರಿನ ಮುಂದೆ ಒಬ್ಬ ಹೆಣ್ಣುಮಗಳು ಕೂತು ಹೆಸರು ಹೊಡೆಯುತ್ತಿದ್ದಳು. ಜಯರಾಮಪ್ಪ ಅತ್ತೆಯನ್ನು ಕುರ್ಚಿಯ ಮೇಲೆ ಕೂರಿಸಿ, ಮೇಜಿನ ಆ ಕಡೆಗೆ ಹೋಗಿ ಪರದೆಯನ್ನು ಕಣ್ತುಂಬ ನೋಡಿದ. ತನ್ನ ಅಕ್ಷರಗಳು, ಮೇಲೆ ತೆಲುಗು, ಕೆಳಗೆ ಕನ್ನಡ.

"ಮೀ ಪೇರು?" ಎಂದಳು ಹೆಣ್ಣುಮಗಳು.

"ಜಯರಾಮಪ್ಪ. ಇಲ್ಲಿ ಹೊಡೀಮ್ಮ, ಇದು ನಮ್ಮಪ್ಪ."

ಅವಳು ಒಂದು ಸಲ ಚೌಕವನ್ನೂ ಒಂದು ಸಲ ಅವನನ್ನೂ ನೋಡಿದಳು.

"ಅದು ದಾಸಣ್ಣ ದೊಡ್ಡಪ್ಪ. ಅವನ ಮ್ಯಾಲೆ ಕಲ್ಯಾಣದುರ್ಗ ಅಂತ ಹೊಡಿ. ಇದು ಭ್ರಮರಾಂಬ ಅತ್ತೆ, ಹೆಣ್ಣು ಅಂತ ಹಾಕು. ಇದು ಅಣ್ಣನ ಮಗ, ಇಲ್ಲಿ ಪೇಷೆಂಟಿನ ಹೆಸರು. ಎಲ್ಲಾ ನಾನೇ ಮಾಡಿದ್ದು."

"ಕೂರ್ಚೋಂಡಿ ಸಾರ್, ಕೂರ್ಚೋಂಡಿ," ಎಂದಳು ಅವಳು, ತಲೆಗೂ ಇಲ್ಲಿ ಡಾಕ್ಟರು ಸಿಗುವುದಿಲ್ಲವಲ್ಲ ಎನ್ನುವ ಮರುಕದಿಂದ. ಮುಂದಿನದನ್ನು ಉಡುಸಲಮ್ಮನನ್ನೇ ಕೇಳಿ ಬರೆದುಕೊಂಡಳು.

ಚೀಟಿ ಬಂತು. ಜಯರಾಮಪ್ಪ ಅದನ್ನು ಓದಲಿಲ್ಲ. ಬರೆದವನು ತನ್ನ ಬರಹವನ್ನು ಓದುತ್ತಾ ನಿಂತರೆ ನೋಡಿದವರು ಏನೆಂದುಕೊಂಡಾರು? ನಾಲ್ಕು ಮಡಿಕೆ ಮಾಡಿ ಅತ್ತೆಯ ಕೈಗೆ ಕೊಟ್ಟ. ಒಳಗೆ ಡಾಕ್ಟರು ಚೀಟಿಯಲ್ಲಿ ಕಣ್ಣಿನ ಸಂಗತಿಯನ್ನಷ್ಟೇ ನೋಡಿ, ಎಡಗಣ್ಣಿಗೆ ಟಾರ್ಚು ಬಿಟ್ಟು, ಆಪರೇಷನ್ ಮಾಡಬಹುದು ಎಂದು ಅವಳ ಎಡ ಹುಬ್ಬಿನ ಮೇಲೆ ಬಿಳಿ ಪಟ್ಟಿಯೊಂದನ್ನು ಅಂಟಿಸಿ ಕಳಿಸಿದರು.

ಮಧ್ಯಾಹ್ನ ಮೂರು ಗಂಟೆಗೆ ಎರಡು ಬಸ್ಸುಗಳು ಬಂದು ನಿಂತವು. ಆಪರೇಷನ್ ದೂರದ ಊರಿನ ಆಸ್ಪತ್ರೆಯಲ್ಲಿ. ನೂರ ನಾಲ್ಕು ಸೀಟು. ರೋಗಿಗಳು ಮಾತ್ರ ಹತ್ತಬೇಕು, ಜೊತೆಗೆ ಬಂದವರು ಇಲ್ಲೇ ಉಳಿಯಬೇಕು. ಸಂಘದ ಪರವಾಗಿ ಮೈಕು ಹಿಡಿದವರು ನಿವೃತ್ತ ಹೆಡ್ಮಾಸ್ಟರ್ ಅಶ್ವತ್ಥಪ್ಪನವರು. ಮೂವತ್ತು ವರ್ಷ ಹಾಜರಿ ಕೂಗಿದ ಗಂಟಲು. ಪುಸ್ತಕದಲ್ಲಿ ಇರುವವನೇ ವಿದ್ಯಾರ್ಥಿ, ಬೆಂಚಿನ ಮೇಲೆ ಕೂತವನೆಲ್ಲ ಅಲ್ಲ ಎನ್ನುವುದು ಅವರ ಸಿದ್ಧಾಂತ.

"ಬೈರಣ್ಣ," ಎಂದು ಕೂಗಿದರು. "ಅರವತ್ತೆಂಟು ವರ್ಷ. ಹೆಣ್ಣು. ಬಲಗಣ್ಣು."

ಕುರ್ಚಿಗಳ ನಡುವಿನಿಂದ ಹೆಗಲ ಮೇಲೆ ಟವಲ್ಲು ಹಾಕಿದ, ಕಿವಿಯತನಕ ಮೀಸೆ ಬೆಳೆಸಿದ ಜೀಪ್ ಡ್ರೈವರ್ ಬೈರಣ್ಣ ಎದ್ದು ನಿಂತ. ಪಕ್ಕದಲ್ಲಿ ಅವನ ತಾಯಿ, ಬಲ ಹುಬ್ಬಿನ ಮೇಲೆ ಪಟ್ಟಿ ಅಂಟಿಸಿಕೊಂಡು ಕೂತಿದ್ದಳು.

"ಸಾರ್, ನಾನು ಹೆಣ್ಣಾ?"

"ಪಟ್ಟೀಲಿ ಅಂಗೈತಪ್ಪಾ."

"ನಮ್ಮಮ್ಮನ್ನ ಕರ್ಕೊಂಡು ಬಂದೋನು ಸಾರ್ ನಾನು."

ಅಶ್ವತ್ಥಪ್ಪನವರು ಕನ್ನಡಕ ಸರಿಮಾಡಿಕೊಂಡು ಹಾಳೆ ನೋಡಿದರು. "ಕರೆತಂದವರು, ಬೈರಣ್ಣ. ರೋಗಿ, ಬೈರಣ್ಣ. ನಿನ್ನ ನೀನೇ ಕರ್ಕೊಂಡು ಬಂದೀಯ. ನಿಮ್ಮಮ್ಮ ಈ ಶಿಬಿರಕ್ಕೆ ಬಂದೇ ಇಲ್ಲ."

"ಇಲ್ಲೇ ಕೂತವ್ಳಲ್ಲ ಸಾರ್."

"ಕೂತವ್ಳೆ. ಬಂದಿಲ್ಲ."

ಎರಡನೆಯ ಹೆಸರು ಒಬ್ಬ ಪೊಲೀಸ್ ಪೇದೆಯದು. ಎಪ್ಪತ್ತೊಂದು ವರ್ಷ, ಹೆಣ್ಣು. ಮೂರನೆಯದು ಹಸುಗೂಸನ್ನು ಎತ್ತಿಕೊಂಡಿದ್ದ ಒಬ್ಬ ಬಾಣಂತಿಯದು. ಎಂಬತ್ತು ವರ್ಷ, ಗಂಡು. ಜನ ಮೊದಲು ನಕ್ಕರು. ಆಮೇಲೆ ಎದ್ದರು. "ಏಮಯ್ಯಾ ಇದಿ, ಎವರು ಚೇಸಿನಾರು?" ಎಂದು ಹಿಂದಿನಿಂದ ಯಾರೋ ಕೇಳಿದರು.

ಯಾರು ಮಾಡಿದ್ದು ಎನ್ನುವ ಪ್ರಶ್ನೆಗೆ ಸುಮ್ಮನಿರುವ ಅಭ್ಯಾಸ ಜಯರಾಮಪ್ಪನಿಗೆ ಯಾವತ್ತೂ ಇರಲಿಲ್ಲ. ಎದ್ದು ಮೇಜಿನ ಹತ್ತಿರ ಹೋದ. "ನಾನೇ ಮಾಡಿದ್ದು ಸಾರ್. ಹಿಂದೂಪುರದಿಂದ. ಕಂಪ್ಯೂಟರ್ ತಪ್ಪು ಮಾಡಲ್ಲ. ಜನ ಹೇಳೋವಾಗ ಹಿಂದುಮುಂದು ಹೇಳಿರ್ತಾರೆ."

ಅಶ್ವತ್ಥಪ್ಪನವರಿಗೆ ಬಲ ಬಂದಂತಾಯಿತು. ತಮ್ಮ ಪಕ್ಕದಲ್ಲೇ ಕುರ್ಚಿ ಹಾಕಿಸಿದರು, ಟೀ ತರಿಸಿದರು. "ಮಾಡಿದೋರೇ ಇಲ್ಲಿ ಅವ್ರೆ," ಎಂದು ಮೈಕಿನಲ್ಲಿ ಹೇಳಿದರು. "ಅವ್ರೇ ಹೇಳ್ತಾರೆ, ಪಟ್ಟಿ ಸರಿ ಐತೆ."

ಬೈರಣ್ಣ ಮಾತ್ರ ಅದನ್ನು ಒಪ್ಪಲಿಲ್ಲ. ತಾಯಿಯನ್ನು ಮಗುವಿನಂತೆ ಎತ್ತಿಕೊಂಡು ಬಂದು ಮೇಜಿನ ಮೇಲೆ, ಪಟ್ಟಿಯ ಮೇಲೆಯೇ, ಕೂರಿಸಿದ. "ಈಗ ನೋಡಿ ಸಾರ್, ಪಟ್ಟೀಲಿ ಅವ್ಳೆ."

ಮೂವತ್ತು ವರ್ಷದ ಸಿದ್ಧಾಂತ ಆ ಮುದುಕಿಯ ಭಾರಕ್ಕೆ ಸ್ವಲ್ಪ ಕುಸಿಯಿತು. ಅಶ್ವತ್ಥಪ್ಪನವರು ಪೆನ್ನು ತೆಗೆದು ಬೈರಣ್ಣನ ಹೆಸರು ಹೊಡೆದು ತಾಯಿಯ ಹೆಸರು ಬರೆದು ಬಸ್ಸಿಗೆ ಕಳಿಸಿದರು. ಅದನ್ನು ನೋಡಿ ಪೇದೆ ಬಂದ, ಬಾಣಂತಿ ಬಂದಳು. ಕೂಗಿದ ಹೆಸರಿನವರೆಲ್ಲ ಬಂದು, ಜಗಳವಾಡಿ, ಹೆಸರು ತಿದ್ದಿಸಿ, ತಮ್ಮ ತಮ್ಮ ಮುದುಕರನ್ನು ಹತ್ತಿಸಿದರು. ಒಂದನೇ ಬಸ್ಸು ತುಂಬಿತು. ಮೈಕಿನ ಪಕ್ಕದ ಕುರ್ಚಿಯಲ್ಲಿ ಜಯರಾಮಪ್ಪನ ಟೀ ಆರಿತು. ಚೀಟಿ ಅತ್ತೆಯ ಸೆರಗಿನ ಗಂಟಿನಲ್ಲಿತ್ತು. ಈಗ ಅದರಲ್ಲಿ ಏನಿದೆ ಎಂದು ಅವನಿಗೆ ಓದದೆಯೂ ಗೊತ್ತಾಗಿತ್ತು.

"ಜಯರಾಮಪ್ಪ," ಎಂದರು ಅಶ್ವತ್ಥಪ್ಪನವರು. "ಎಪ್ಪತ್ತು ವರ್ಷ. ಹೆಣ್ಣು. ಎಡಗಣ್ಣು." ಪಕ್ಕಕ್ಕೆ ತಿರುಗಿದರು. "ನಿಮ್ಮ ಹೆಸರೇ ಅಲ್ವಾ ಸಾರ್?"

ಮಂಟಪದ ಮುಖಗಳೆಲ್ಲ ಅವನ ಕಡೆಗೆ ತಿರುಗಿದವು. ಹೌದು ಎಂದಿದ್ದರೆ ಸಾಕಿತ್ತು. ಇನ್ನೊಂದು ಸಲ ನಗುತ್ತಿದ್ದರು, ಪೆನ್ನಿನಿಂದ ಒಂದು ಗೀಟು, ಉಡುಸಲಮ್ಮ ಬಸ್ಸಿನಲ್ಲಿ. ಜಯರಾಮಪ್ಪ ಬಾಯಿ ತೆರೆದ. ಅದರಿಂದ ಬಂದ ಮಾತು ಅವನಿಗೇ ಹೊಸದೆನಿಸಲಿಲ್ಲ.

"ಅದು ಬೇರೆ ಜಯರಾಮಪ್ಪ ಇರ್ಬೇಕು ಸಾರ್."

ಅಶ್ವತ್ಥಪ್ಪನವರು ಎರಡು ಸಲ ಕೂಗಿ, ಗೈರುಹಾಜರಿ ಹಾಕಿದರು.

ಜಯರಾಮಪ್ಪ ಎದ್ದು ಅತ್ತೆಯ ಹತ್ತಿರ ಬಂದ. ಅವಳು ಬೆನ್ನು ನೆಟ್ಟಗೆ ಮಾಡಿಕೊಂಡು, ಬಟ್ಟೆಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಕಿವಿ ನಿಮಿರಿಸಿ ಕೂತಿದ್ದಳು.

"ನನ್ನ ಹೆಸರು ಕೂಗಿದ್ರಾ ಅಳಿಯಂದ್ರೇ? ನಂಗೇ ಕೇಳಿಸ್ಲಿಲ್ವೋ ಏನೋ."

"ಇನ್ನೂ ಇಲ್ಲ ಅತ್ತೆ. ಕೂಗ್ತಾರೆ."

"ನಿಮ್ಮ ಹೆಸರು ಕೂಗ್ದಂಗಾಯ್ತು."

"ಅದು ಬೇರೆ."

ಜನ ಸ್ವಲ್ಪ ಕರಗಲಿ, ಯಾರೂ ಇಲ್ಲದಾಗ ಹೆಡ್ಮಾಸ್ತರರ ಕಿವಿಯಲ್ಲಿ ಮೆಲ್ಲಗೆ ಹೇಳಿದರಾಯಿತು ಎನ್ನುವುದು ಅವನ ಎಣಿಕೆಯಾಗಿತ್ತು. ಆದರೆ ಜನ ಕರಗಿದ್ದು ಎರಡನೇ ಬಸ್ಸಿನೊಳಕ್ಕೆ. ಗೈರುಹಾಜರಿ ಬಿದ್ದ ಸೀಟಿಗೆ ಪಟ್ಟಿಯಲ್ಲಿ ಇಲ್ಲದ ಯಾವನೋ ತಾತ ಹತ್ತಿ ಕೂತ. ಬಾಗಿಲು ಹಾಕಿದ ಸದ್ದು ಕೇಳಿ ಜಯರಾಮಪ್ಪ ಓಡಿದ. ಇಸ್ತ್ರಿ ಅಂಗಿಯಲ್ಲಿ ಅವನು ಓಡಿದ್ದನ್ನು ಕಲ್ಯಾಣದುರ್ಗ ಇವತ್ತಿಗೂ ಮರೆತಿಲ್ಲ.

"ಸಾರ್, ನಿಲ್ಲಿಸಿ ಸಾರ್. ಆ ಜಯರಾಮಪ್ಪ ನಾನೇ. ಪೇಷೆಂಟು ನಮ್ಮತ್ತೆ."

"ಅತ್ತೆ ಹೆಸರೇನು?"

ಇಪ್ಪತ್ತೆರಡು ವರ್ಷದ ಅಭ್ಯಾಸ. "ಅದೇ ಸಾರ್, ನಮ್ಮತ್ತೆ... ಭೀಮೇಶನ ತಾಯಿ..." ಎಂದು ತಡವರಿಸಿ, ಕೊನೆಗೆ "ಉಡುಸಲಮ್ಮ" ಎಂದ.

ಅಶ್ವತ್ಥಪ್ಪನವರು ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ನೋಡಿದರು. "ಆ ಹೆಸರು ಎಲ್ಲೂ ಇಲ್ವಲ್ಲ ಸಾರ್," ಎಂದರು ಬೇಸರದಿಂದಲೇ. "ಇದ್ದ ಜಯರಾಮಪ್ಪನ್ನೂ ನೀವೇ ಬೇರೆ ಅಂದ್ರಿ. ಸೀಟೂ ಮುಗೀತು. ಮುಂದಿನ ವರ್ಷ ಬನ್ನಿ." ಅವರ ಹಿಂದೆ ಎರಡು ಬಸ್ಸುಗಳೂ ಧೂಳೆಬ್ಬಿಸಿಕೊಂಡು ಹೊರಟವು.

ಇಬ್ಬರೂ ಆಟೋದಲ್ಲಿ ವಾಪಸಾದರು. ಮನೆಯಲ್ಲಿ ಭೀಮೇಶ ಕೇಳಿದಾಗ, ಜಯರಾಮಪ್ಪ ಬಾಯಿ ತೆರೆಯುವ ಮುಂಚೆ ಅವಳೇ ಹೇಳಿದಳು: "ಭಾಳ ಜನ ಕಣ್ಲಾ. ಅಳಿಯಂದ್ರು ಓಡಾಡಿ ಓಡಾಡಿ ಸುಸ್ತಾಗವ್ರೆ. ಅವ್ರಿಗೆ ಮಜ್ಜಿಗೆ ಕೊಡು." ಹುಬ್ಬಿನ ಮೇಲಿನ ಪಟ್ಟಿಯನ್ನು ಮೂರು ದಿನ ತೆಗೆಯಲು ಬಿಡಲಿಲ್ಲ. ರಮಾದೇವಿ ಕಿತ್ತು ಹಾಕಲು ಬಂದರೆ, "ಇರ್ಲಿ ಬಿಡಮ್ಮ, ಬಸ್ಸು ತಿರುಗಿ ಬಂದ್ರೆ ಗುರ್ತು ಬೇಕಲ್ಲ" ಎನ್ನುತ್ತಿದ್ದಳು.

ಹಿಂದೂಪುರಕ್ಕೆ ಬಂದು ಚೆನ್ನಕೇಶವನನ್ನು ಬೈಯಬೇಕೆಂದು ಜಯರಾಮಪ್ಪ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ. ಚೆನ್ನಕೇಶವ ಫೈಲು ತೆರೆದು ಐದು ನಿಮಿಷ ನೋಡಿದ.

"ಅಣ್ಣಾ, ನಾರಪ್ಪ ಅಂತ ಎರಡು ಸತಿ ಇಟ್ಟಿದ್ದೀಯಲ್ಲ."

"ಅದು ಬೇರೆ..." ಎಂದು ಶುರುಮಾಡಿದವನು ನಿಲ್ಲಿಸಿದ.

"ಮಿಷನ್ನಿಗೆ ಬೇರೆ ಅಂತ ಹೆಂಗೆ ಗೊತ್ತಾಯ್ತದೆ? ನಾರಪ್ಪ ಅಂತ ಕೂಗ್ತು. ಬಾಗಿಲ ಹತ್ರ ಫಸ್ಟು ಸಿಕ್ಕಿದೋನು ನಿಮ್ಮಪ್ಪ. ಅವನನ್ನ ಹಿಡ್ಕಂಡು ಬಂತು. ಎರಡನೇ ಸತಿ ಕೂಗ್ತು, ಮತ್ತೆ ನಿಮ್ಮಪ್ಪನೇ ಬಂದ. ಒಳಗೆ ಕೂತ ಇನ್ನೊಬ್ಬ ನಾರಪ್ಪನ್ನ ಯಾರೂ ಮಾತಾಡಿಸ್ಲೇ ಇಲ್ಲ. ನಾನೂ ನೋಡ್ಬೇಕಾಗಿತ್ತು ಬಿಡು. ಯಾವ್ದಾದ್ರೂ ಒಂದು ಬೇರೆ ಹೆಸರು ಇಟ್ಟಿದ್ರೆ ಆಗಿರೋದು. ಯಾವ್ದಾದ್ರೂ."

ಮನೆಯಲ್ಲಿ ಇದನ್ನು ಹೇಳದೆ ಇರಲು ಜಯರಾಮಪ್ಪನಿಗೆ ಆಗಲಿಲ್ಲ. ವರಲಕ್ಷ್ಮಿ ಮುದ್ದೆ ಕಟ್ಟುತ್ತಿದ್ದಳು. ಕೇಳಿಸಿಕೊಂಡಳು. ಮುದ್ದೆಯನ್ನು ತಟ್ಟೆಗೆ ಹಾಕಿ, ಸಾರು ಬಡಿಸಿ, ಎದ್ದು ಒಳಗೆ ಹೋದಳು. ಬೈದಿದ್ದರೆ ಅವನಿಗೆ ಊಟ ಸೇರುತ್ತಿತ್ತು.

ಫಾಲ್ಗುಣದಲ್ಲಿ ಮದುವೆ ನಡೆಯಿತು. ಮನೆಯ ಮುಂದೆ ಚಪ್ಪರ ಹಾಕಿಸಿದರು. ಫ್ಲೆಕ್ಸಿನವನು ಬಾಗಿಲಿಗೆ ಸ್ವಾಗತದ ಬೋರ್ಡು ಕಟ್ಟಿ ಹೋದ. ಜಯರಾಮಪ್ಪ ಗಟ್ಟಿಯಾದ ಬ್ರಷ್ಷುಗಳನ್ನು ಎರಡು ದಿನ ನೆನೆಸಿ, ಬೇರೆ ಯಾರಿಗೂ ಬಿಡದೆ, ಚಪ್ಪರದ ಕಂಬಗಳಿಗೆ ತಾನೇ ಬಣ್ಣ ಬಳಿದು ಬಳ್ಳಿ ಬರೆದ. ಯಾವ ಕಂಬದ ಮೂಲೆಯಲ್ಲೂ ಹೆಸರು ಹಾಕಲಿಲ್ಲ.

ಉಡುಸಲಮ್ಮನನ್ನು ಹಸೆಯ ಪಕ್ಕದಲ್ಲೇ ಕೂರಿಸಿದ್ದರು. "ಸೀರೆ ಯಾವ ಬಣ್ಣ ಅಳಿಯಂದ್ರೇ?" ಎಂದು ಕೇಳಿದಳು.

"ಅರಿಶಿನದಾಗೆ ಒಂದು ಚೂರು ಕುಂಕುಮ ಬೆರೆಸಿದಂಗೆ ಅತ್ತೆ. ಅಂಚು ಮಾವಿನ ಎಳೆ ಚಿಗುರು ಇರ್ತದಲ್ಲ, ಹಸಿರಾಗೋಕೆ ಮುಂಚೆ, ಅದು."

"ಮೊಕ?"

ಸುಷ್ಮಾ ಬಗ್ಗಿ ಅಜ್ಜಿಯ ಕೈಯನ್ನು ತನ್ನ ಕೆನ್ನೆಯ ಮೇಲೆ ಇಟ್ಟುಕೊಂಡಳು. ಮುದುಕಿಯ ಬೆರಳುಗಳು ಬಾಸಿಂಗದ ಅಂಚಿನಿಂದ ಗಲ್ಲದವರೆಗೆ ಮೆಲ್ಲಗೆ ಇಳಿದು ಬಂದವು. ಪುರೋಹಿತರು ಹೊತ್ತಾಯಿತು ಎಂದರು.

ಮುಂದಿನ ಸಂಕ್ರಾಂತಿಗೆ ಶಿಬಿರ ಮತ್ತೆ ಬಂತು. ಚೆನ್ನಕೇಶವ ಅದೇ ಫೈಲನ್ನು ತೆರೆದು, ಯಾವ ಹೆಸರು ಎಂದು ಕೇಳಿದ. ಜಯರಾಮಪ್ಪ ತಾನೇ ಕೂತು, ಎರಡು ಬೆರಳಿನಲ್ಲಿ, ಎರಡನೆಯ ನಾರಪ್ಪನನ್ನು ಅಳಿಸಿ ಅತ್ತೆಯ ಹೆಸರು ಹೊಡೆದ. ಅಕ್ಷರಕ್ಕೊಂದು ಸಲ ನಿಲ್ಲಿಸಿ ನೋಡಿದ. ಮೈಕಿನಲ್ಲಿ ಆ ಹೆಸರನ್ನು ಮೂರನೆಯದಾಗಿ ಕೂಗಿದರು. ಉಡುಸಲಮ್ಮ ಭೀಮೇಶನ ಕೈಹಿಡಿದು ಹೋಗಿ ಬಸ್ಸು ಹತ್ತಿದಳು. ಜಯರಾಮಪ್ಪ ಆ ದಿನ ಕಲ್ಯಾಣದುರ್ಗಕ್ಕೆ ಹೋಗಲಿಲ್ಲ.

ಕನ್ನಡಕ ಬಂದ ಮೇಲೆ ಅವಳು ಹಿಂದೂಪುರಕ್ಕೆ ಬಂದಳು. ಬಂದವಳೇ ಮದುವೆಯ ಆಲ್ಬಮ್ ಕೇಳಿದಳು. ರೊದ್ದಂನಲ್ಲಿದ್ದ ಸುಷ್ಮಾ ಆ ಹೊತ್ತಿಗೆ ಬಸುರಿ. ಮೊದಲಿನ ಮುಖ ಈಗ ಇರಲಿಲ್ಲ, ಸ್ವಲ್ಪ ಊದಿತ್ತು, ಕಪ್ಪಾಗಿತ್ತು. ಉಡುಸಲಮ್ಮ ಒಂದೊಂದೇ ಹಾಳೆ ತಿರುಗಿಸಿ, ಮದುಮಗಳ ಮುಖಕ್ಕೆ ಬೆರಳು ತಾಗಿಸಿ ತಾಗಿಸಿ ನೋಡಿದಳು. ಧಾರೆಯ ಫೋಟೊ ಬಂದಾಗ ಅವಳ ಬೆರಳು ಹಸೆಯ ಪಕ್ಕಕ್ಕೆ ಸರಿಯಿತು.

"ಇದ್ಯಾರೇ ಈ ಮುದುಕಿ? ಎಲ್ಲಾರೂ ಮದುಮಗಳನ್ನ ನೋಡ್ತಾವ್ರೆ, ಇವ್ಳು ಕಂಬ ನೋಡ್ಕಂಡು ನಗ್ತಾ ಕೂತವ್ಳೆ."

ವರಲಕ್ಷ್ಮಿ ತಾಯಿಯ ಪಕ್ಕಕ್ಕೆ ಸರಿದು ಕೂತಳು. ಜಯರಾಮಪ್ಪ ಬಾಗಿಲ ಹತ್ತಿರ ನಿಂತಿದ್ದ. ಫೋಟೊದೊಳಗಿನ ಮುದುಕಿ ನಿಜವಾಗಿಯೂ ತುಂಬ ಸಂತೋಷದಿಂದ, ಬಾಯಿ ತುಂಬ ನಗುತ್ತಾ, ಕಂಬಕ್ಕೆ ಅಕ್ಷತೆ ಎರಚುತ್ತಿದ್ದಳು.

ಆ ಮುದುಕಿ ಯಾರೆಂದು ಉಡುಸಲಮ್ಮನಿಗೇ ಗೊತ್ತಾಯಿತು. ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು ನೋಡಿದಳು.

"ಕಂಬಕ್ಕೆ ಬಣ್ಣ ಚೆನ್ನಾಗಿ ಹೊಡ್ದವ್ರೆ," ಎಂದಳು. "ನೀವೇನಾ ಅಳಿಯಂದ್ರೇ ಮಾಡಿದ್ದು?"

ಆ ಪ್ರಶ್ನೆಗೆ ಕೊಡಬೇಕಾದ ಉತ್ತರವನ್ನು ಜಯರಾಮಪ್ಪ ಹೋದ ವರ್ಷದ ಶಿಬಿರದ ದಿನದಿಂದ ಒಳಗೇ ಇಟ್ಟುಕೊಂಡಿದ್ದ. ಈಗ ಅತ್ತೆಯೇ ಕೇಳಿದ್ದಳು.

"ಹೂಂ ಅತ್ತೆ," ಎಂದ. "ನಾನೇ ಮಾಡಿದ್ದು. ಎಲ್ಲಾ ನಾನೇ ಮಾಡಿದ್ದು."

"ಚೆನ್ನಾಗೈತೆ," ಎಂದು ಹೇಳಿ ಅವಳು ಹಾಳೆ ತಿರುಗಿಸಿದಳು.